ಎಂಜಲನ್ನೂ ಪೆಟ್ಟನ್ನೂ ದಾಖಲಿಸುವ ಹರಿಣಾಕ್ಷಿ

ನೆರೂಳದ ಮೂರನೆಯ ಮಹಡಿಯ ಮನೆಯೊಂದರಲ್ಲಿ ಬೆಳಗಿನ ಆರೂಕಾಲು. ಹರಿಣಾಕ್ಷಿಯವರ ಎದುರು ಕುಳಿತ ಇಪ್ಪತ್ತರ ಹುಡುಗ, ಇಲ್ಲಿ ಯತಿನ್ ಎನ್ನೋಣ, ಪುಟ್ಟ ನಳಿಕೆಯೊಂದಕ್ಕೆ ಉಗುಳಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಆದ್ದರಿಂದಲೇ ಈ ಹೊತ್ತು. ಅವನ ಬಾಯಿ ಒಣಗಿದೆ.

"ಉಗುಳ್ಲಿಕ್ಕೂ ಬರುದಿಲ್ವಾ ನಿನಗೆ? ಥೇಟ್ ಮಾವನೇ," ಎನ್ನುತ್ತಾರೆ ಮಹಾಪೆಯಲ್ಲಿ ಕ್ಯಾಂಟೀನು ನಡೆಸುವ ತಂದೆ.

ಗಂಡ ತೀರಿಕೊಂಡ ಮೇಲೆ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದ, ಐವತ್ತಮೂರರ ಹರಿಣಾಕ್ಷಿ ನಾಲ್ಕು ವರ್ಷಗಳಿಂದ ಮನೋರೋಗಕ್ಕೆ ಹುಟ್ಟುಗುಣವೆಷ್ಟು, ಬಾಲ್ಯದ ಪೆಟ್ಟೆಷ್ಟು ಕಾರಣವೆಂದು ಹುಡುಕುವ ಮನೋವೈದ್ಯರ ಅಧ್ಯಯನವೊಂದಕ್ಕಾಗಿ ದುಡಿಯುತ್ತಿದ್ದಾರೆ. ಡೊಂಬಿವಲಿಯಿಂದ ನಸುಕಿನ ಲೋಕಲ್ ಹಿಡಿದು, ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ, ಮನೆಮನೆಯಿಂದ ವಂಶವಾಹಿ ಪರೀಕ್ಷೆಗೆ ಎಳೆಯರ ಎಂಜಲನ್ನೂ ಬಾಲ್ಯದ ಕುರಿತ ಉತ್ತರಗಳನ್ನೂ ತರುತ್ತಾರೆ. ಈವರೆಗೆ ಆರುನೂರ ಹನ್ನೆರಡು ಮಂದಿ. ಅವರಲ್ಲಿ ಮುಂದೆ ವೈದ್ಯರ ಬಳಿಗೆ ಹೋದವರು ನಲವತ್ತೊಂದು.

"ರಕ್ತ ಒಂದೇ ಕೆಡಿಸುದಿಲ್ಲ, ಪೆಟ್ಟು ಒಂದೇ ಕೆಡಿಸುದಿಲ್ಲ ಅಂತಾರೆ ಡಾಕ್ಟ್ರು. ಕೆಲವರ ರಕ್ತಕ್ಕೆ ಪೆಟ್ಟು ಜಾಸ್ತಿ ತಾಗ್ತದಂತೆ," ಎಂದು ವಿವರಿಸುತ್ತಾರೆ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆತನಗಳಲ್ಲಿ ಹುಡುಗ ಸೋದರಮಾವನ ಪಡಿಯಚ್ಚೆಂಬ ಮಾತು ಇಂದಿಗೂ ಅಳಿದಿಲ್ಲ. ಯತಿನನ ಮಾವ ಇಪ್ಪತ್ತೊಂದರಲ್ಲಿ ಕೈಯಾರೆ ಜೀವ ಕಳೆದುಕೊಂಡವನು.

ತಂದೆಯೆದುರು ಯತಿನ್ ಪ್ರತಿ ಪ್ರಶ್ನೆಗೂ "ನಹೀಂ" ಎನ್ನುತ್ತಾನೆ. ಹರಿಣಾಕ್ಷಿ ತಮ್ಮ ಹಳೆಯ ಉಪಾಯ ಹೂಡುತ್ತಾರೆ: "ಅಣ್ಣಾ, ಪ್ಯಾಕೆಟ್ ಹಾಲಿನ ಚಾ ನನಗೆ ಆಗುದಿಲ್ಲ. ತಬೇಲಾದಲ್ಲಿ ಆಗಷ್ಟೇ ಕರೆದ ಹಾಲು ಸಿಗ್ತದಾ?" ಮನೆಗೆ ಬಂದವರಿಗೆ ಇಲ್ಲವೆನ್ನಲಾಗದೆ, ಗೊಣಗುತ್ತ ತಂದೆ ಕೆಳಗಿಳಿಯುತ್ತಾರೆ.

ಆಗ ಹುಡುಗ ಹಿಂದಿಯಲ್ಲಿ, ನೆಲ ನೋಡುತ್ತ, ಹೇಳುತ್ತಾನೆ. ಆರನೆಯ ವಯಸ್ಸಿನಿಂದ ಬೆಲ್ಟಿನ ಪೆಟ್ಟು. ಮೈಯೊಳಗಿನ ಮಾವನನ್ನು ಹೊರಹಾಕಲೆಂದು. ಈಗ ಮಾವನಂತೆಯೇ ಅವನಿಗೂ ಬದುಕು ಬೇಡವೆನ್ನಿಸುತ್ತದಂತೆ; ಯಾವುದು ಬಾರದಿರಲೆಂದು ಹೊಡೆದರೋ ಅದನ್ನೇ ಪೆಟ್ಟು ಕರೆತಂದಿದೆ.

ಹರಿಣಾಕ್ಷಿ ಬರೆದುಕೊಳ್ಳುತ್ತಾರೆ. ವೈದ್ಯರ ವಿಳಾಸದ ಚೀಟಿ ಕೊಟ್ಟು, "ಶನಿವಾರ ನಾನೂ ಅಲ್ಲಿರ್ತೇನೆ ಮಗಾ," ಎನ್ನುತ್ತಾರೆ.

ಮೂರು ಶನಿವಾರ ಕಾಯುತ್ತಾರೆ. ಅವನು ಬರುವುದಿಲ್ಲ. ಫೋನಿನಲ್ಲಿ ತಾಯಿಯ ಪಿಸುದನಿ: "ಕಾಲೇಜಿಗೂ ಹೋಗುದಿಲ್ಲ ಅಕ್ಕ. ಗೋಡೆಗೆ ಮುಖ ಮಾಡಿ ಮಲಗ್ತಾನೆ. ಕ್ಲಿನಿಕ್ ಅಂದ್ರೆ ಇವರು ಬೆಲ್ಟು ಹುಡುಕ್ತಾರೆ."

ಅಧ್ಯಯನದ ಮೇಲಧಿಕಾರಿಗಳಿಗೆ ಹರಿಣಾಕ್ಷಿ ಎರಡು ಸಲ ತಿಳಿಸಿದ್ದಾರೆ. ಹುಡುಗ ವಯಸ್ಕ, ಅವನಾಗಿಯೇ ಒಪ್ಪಿ ಬರಬೇಕು ಎಂಬುದು ಉತ್ತರ.

"ಜೂನಿನಲ್ಲಿ ಅದೇ ಮನೆಗಳಿಗೆ ಎರಡನೇ ಸುತ್ತು. ಅಷ್ಟೊತ್ತಿಗೆ ಅವನಿಗೆ ಇಪ್ಪತ್ತೊಂದು ಆಗ್ತದೆ," ಎಂದು ಚೀಲದ ಜಿಪ್ ಎಳೆಯುತ್ತಾರೆ ಹರಿಣಾಕ್ಷಿ. "ಬೆಲ್ ಒತ್ತಿದಾಗ ಬಾಗಿಲು ಅವನೇ ತೆಗೀಲಿ. ಬೈದ್ರೂ ಅಡ್ಡಿಲ್ಲ."