ಬೇಸಿಗೆಯ ಕೌದಿ

ಕಲಬುರಗಿಯ ಮೇ ತಿಂಗಳಲ್ಲಿ ಕೌದಿ ಹೊದೆಯುತ್ತಿದ್ದ ಮನೆ ನಮ್ಮದೊಂದೇ ಇದ್ದಿರಬೇಕು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಕೂಡಿಸಿ ನನ್ನ ಅವ್ವ ಹೊಲಿದ ಆ ಹೊದಿಕೆ ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ಗೋಡೆಯೂ ಬೆವರುವ ಆ ಬಿಸಿಲಿನಲ್ಲಿ ನನ್ನ ಮಗಳು ಗೌರಿ ಫ್ಯಾನಿನ ಕೆಳಗೆ ಅದನ್ನು ಹೊದ್ದು ಹಾಯಾಗಿರುತ್ತಿದ್ದಳು. ಬೆವರುತ್ತಿದ್ದವನು, ನೋಡುತ್ತ ಕೂತ ನಾನು.

ಗೌರಿಗೆ ಆಗ ಏಳು ವರ್ಷ. ಸೋಲಾಪುರದ ಡಾಕ್ಟರು ಹೇಳಿದ ಆಟಿಸಂ ಎಂಬ ಹೆಸರನ್ನು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಗದ್ದಲ ಹೆಚ್ಚಾದರೆ, ಯಾರಾದರೂ ತಟ್ಟನೆ ಮುಟ್ಟಿದರೆ, ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಅದು ಹಟವಲ್ಲ, ತಾಳಲಾರದ ಸಂಕಟವೆಂದು ತಿಳಿದಿದ್ದರೂ, ಚಿಂತೆಯನ್ನೇ ಉದ್ಯೋಗ ಮಾಡಿಕೊಂಡಿದ್ದ ನಾನು "ಏನಾತವ್ವ? ನೀರು ಬೇಕೇನು? ಹೊಟ್ಟಿ ನೋಯತದೇನು?" ಎಂದು ವಕೀಲನಂತೆ ಪಾಟೀಸವಾಲು ಹಾಕಿ ಗದ್ದಲಕ್ಕೆ ಗದ್ದಲ ಸೇರಿಸುತ್ತಿದ್ದೆ. ನೀವೇ ನೋಡಿ, ಸಮಾಧಾನ ಹೇಳುವುದು ಎನ್ನುತ್ತೇವೆ. ಸಮಾಧಾನವನ್ನು ಹೇಳಿಯೇ ಕೊಡಬೇಕೆಂದು ನಮಗೆ ಯಾರು ಕಲಿಸಿದರೋ! ದಾರಿ ಕಂಡುಕೊಂಡವಳು ಗೌರಿಯೇ. ಒಂದು ದಿನ ಚೀರುತ್ತಲೇ ಕೌದಿಯನ್ನು ಮೈಮೇಲೆಳೆದುಕೊಂಡು, ಆ ಭಾರದ ಕೆಳಗೆ ತಣ್ಣಗಾದಳು. ಅದಕ್ಕೆ ಮೂರೇ ನಿಯಮ: ಮುಖ ಹೊರಗಿರಬೇಕು, ಅವಳು ಸರಿಸಿದರೆ ತೆಗೆಯಬೇಕು, ಪಕ್ಕದಲ್ಲಿದ್ದವರು ಬಾಯಿ ಮುಚ್ಚಿರಬೇಕು. ಕೊನೆಯದು ನನಗೆ ಕಠಿಣ ವ್ರತ.

ಹೆಂಡತಿ ಶಾಂತಾಳ ತವರು ಕಮಲಾಪುರ. ಅಲ್ಲಿ ಅವಳ ತಂಗಿಯ ಕುಬಸ, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ನಿಗದಿಯಾಗಿತ್ತು. ಹಿಂದೆ ತನ್ನ ತಮ್ಮನ ಮದುವೆಯಲ್ಲಿ ಶಾಂತಾ, ಬಡಿಸಿದ ಎಲೆಯನ್ನು ಬಿಟ್ಟೆದ್ದು, ಚೀರುವ ಮಗಳನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ್ದಳು.

"ಈ ಸಲ ಕಾರ್ಯ ಮುಗಿಯೂತನಾ ಕೂಡಾಕಿ ನಾ. ಆಗಲಿಲ್ಲಂದ್ರ ಇನ್ನ ತವರಿಗೆ ಹೋಗೂದೇ ಬ್ಯಾಡ" ಎಂದಳು.

ನಾನು ಕೌದಿಯ ಗಂಟು ಕಟ್ಟಿದೆ. ಬಸ್ಸಿನಲ್ಲಿ ಕಂಡಕ್ಟರ್ ಅದನ್ನೇ ನೋಡಿದ. "ಯಾಕ್ರೀ ಸರ, ಕಮಲಾಪುರದಾಗ ಹಿಮ ಬಿದ್ದದೇನ್ರೀ?"

ತವರುಮನೆಯ ಬಾಗಿಲಲ್ಲೇ ಎಡವಟ್ಟಾಯಿತು. ಶಾಂತಾಳ ಸೋದರತ್ತೆ ಅಕ್ಕರೆಯಿಂದ ಗೌರಿಯ ಕೆನ್ನೆ ಸವರಿ ನೆಟಿಗೆ ಮುರಿದರು, ಮಗಳು ಚೀರಿದಳು. "ಕೂಸಿಗಿ ದೃಷ್ಟಿ ಆಗ್ಯಾದ" ಎಂದು ನಮ್ಮತ್ತೆ ಕೆಂಡಕ್ಕೆ ಮೆಣಸಿನಕಾಯಿ ಹಾಕಿದರು. ಘಾಟಿಗೆ ನೆಂಟರೆಲ್ಲ ಕೆಮ್ಮಿದರು, ಗೌರಿ ಇನ್ನೂ ಜೋರಾಗಿ ಚೀರಿದಳು.

"ಯವ್ವಾ, ಕೆಂಡ ಹೊರಗ ಒಯ್ಯಿ" ಎಂದಳು ಶಾಂತಾ. "ಇದು ದೃಷ್ಟಿ ಅಲ್ಲ, ಆಕಿಗಿ ಗದ್ದಲ ತಡಿಯೂದಿಲ್ಲ."

ಒಳಕೋಣೆಯಲ್ಲಿ ಕೌದಿ ಹರವಿದೆ. ಏನೋ ಕೇಳಲು ಬಾಯಿ ತೆರೆದೆ. "ಮಾತಾಡೂದಿದ್ರ ನೀವೂ ಹೊರಗ ಹೋಗ್ರಿ" ಎಂದಳು ಶಾಂತಾ. ಬಾಯಿ ಮುಚ್ಚಿದೆ. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಅತ್ತೆ, ಹಾಡುವ ಹೆಂಗಸರತ್ತ ತಿರುಗಿದರು.

"ಎಲ್ಲಾರೂ ಅಂಗಳಕ್ಕ ನಡೀರಿ. ಕುಬಸ ಬೇವಿನ ಗಿಡದ ಕೆಳಗ ಆಗ್ತದ. ಮೊಮ್ಮಗಳು ಒಳಗಿರಲಿ."

ಕಾರ್ಯಕ್ಕೆ ಕಾರ್ಯವೇ ಎದ್ದು ಹೊರನಡೆಯಿತು. ಶಾಂತಾ ಹೊಸ್ತಿಲಲ್ಲಿ ತಡೆದು ನಿಂತಳು; ಹೋಗು ಎಂದು ಕೈಸನ್ನೆ ಮಾಡಿದೆ. ಸ್ವಲ್ಪ ಹೊತ್ತಿಗೆ ಗೌರಿಯ ಉಸಿರು ನಿಧಾನವಾಯಿತು. ಕೌದಿಯೊಳಗಿಂದ ಕೈ ಹೊರಚಾಚಿ, ನನ್ನ ಅಂಗೈಯನ್ನು ಎಳೆದು ತನ್ನ ಬೆನ್ನ ಮೇಲಿಟ್ಟುಕೊಂಡಳು. ಕದಲದೆ ಕೂತೆ.

ಬಹಳ ಹೊತ್ತಿನ ಮೇಲೆ, ಊಟದ ಪಂಕ್ತಿಯಿಂದ ಶಾಂತಾಳ ದನಿ ಕಿಟಕಿಯಲ್ಲಿ ತೇಲಿ ಬಂತು: "ಇನ್ನೊಂದು ಹೋಳಿಗಿ ಹಾಕ ಯವ್ವಾ, ಇವತ್ತ ಗಡಿಬಿಡಿ ಇಲ್ಲ."

ನನಗೂ ಹಸಿವಾಗಿತ್ತು. ಆದರೆ ಕೂಗಿ ಹೇಳುವಂತಿರಲಿಲ್ಲ.