ತಾಟೆ ಕಾಣೆಯಾದ ಮೇಲೆ

ವಡಾಲದ ನಮ್ಮ ನೆಲಮಹಡಿಯ ಮನೆಯ ಹಾಲ್‌ನಲ್ಲಿ ಒಂದು ಗೋಡೆಯುದ್ದಕ್ಕೂ ಉಪ್ಪುನೀರಿನ ತೊಟ್ಟಿ ಇದೆ. ಅದರಲ್ಲಿ ಈಗ ಉಳಿದಿರುವುದು ಒಂದು ತೊರಕೆ ಮಾತ್ರ. ಒಗೆದು ಹರವಿದ ಬಟ್ಟೆಯಂತೆ ಮರಳಿನ ಮೇಲೆ ಬಿದ್ದಿರುವ, ಬಾಲದಲ್ಲಿ ಮುಳ್ಳಿರುವ ಮೀನು. ಅದು ಗಾಜಿಗೆ ಹೊಟ್ಟೆ ಒತ್ತಿ ಮೇಲೇರುವಾಗ ಅಡಿಭಾಗದಲ್ಲಿ ಬಿಳಿಯ ಮುಖವೊಂದು ಕಾಣುತ್ತದೆ. ಕಣ್ಣಿನಂತೆ ತೋರುವುದು ಮೂಗಿನ ಹೊಳ್ಳೆಗಳು, ನಗುವಿನಂತೆ ತೋರುವುದು ಬಾಯಿ ಎಂದು ಬಂದವರಿಗೆಲ್ಲ ವಿವರಿಸುತ್ತೇನೆ. ವಿವರಿಸಿದ ಮೇಲೂ ಅವರು ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡೇ ಕೂರುತ್ತಾರೆ.

ಮೊದಲು ಒಂದು ಶಾರ್ಕ್ ಕೂಡ ಇತ್ತು. ಮನುಷ್ಯರನ್ನು ಹಿಡಿಯುವಂಥದ್ದಲ್ಲ, ಪೂರ್ತಿ ಬೆಳೆದರೂ ತೋಳಿನುದ್ದ ದಾಟದ, ತಳದಲ್ಲೇ ಹರಿದಾಡುವ ಜಾತಿ. ಮೊಟ್ಟೆಯಿಂದ ಅದನ್ನು ಬೆಳೆಸಿದವಳು ನನ್ನ ಹೆಂಡತಿ. ಚರ್ಮದ ಚೀಲದಂಥ ಆ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ ಒಳಗೆ ಮರಿ ಹೊರಳುವುದು ಕಾಣುತ್ತಿತ್ತು. ಹೊರಬಂದ ಮೇಲೆ ಅದು ಅವಳ ಬೆರಳುಗಳಿಂದಲೇ ಸಿಗಡಿ ತಿನ್ನುತ್ತಿತ್ತು. ನಾನು ಧಾರವಾಡದ ಕಡೆಯವನು, ಮೀನು ತಿನ್ನದ ಮನೆಯವನು, ಅಂಧೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು. ನನಗೆ ತೊಟ್ಟಿಯೆಂದರೆ ನೀರಿನ ಉಪ್ಪು, ನೀರಿನ ಬಿಸಿ, ಅಮೋನಿಯಾ.

ಮಗಳು ಹುಟ್ಟಿದಾಗ ಬಾಣಂತನಕ್ಕೆ ಅತ್ತೆ ಕುಂದಾಪುರದ ಕಡೆಯಿಂದ ಬಂದರು. ಒಳಕೋಣೆ ಚಿಕ್ಕದಾದ್ದರಿಂದ ಬಾಣಂತಿಯ ಮಂಚ ಹಾಲ್‌ಗೆ ಬಂತು. ತೊರಕೆಯ ಆ ಮುಖ ಮಗುವಿನ ಕಣ್ಣಿಗೆ ಬೀಳಬಾರದೆಂದು ಅತ್ತೆ ತಮ್ಮದೊಂದು ಸೀರೆಯನ್ನು ಗಾಜಿಗೆ ಅಡ್ಡ ಕಟ್ಟಿದರು. ನಾನು ವಾದಿಸಲಿಲ್ಲ. ಸೀರೆಯ ಹಿಂದೆ ನೀಲಿ ದೀಪ ಉರಿಯುತ್ತಿತ್ತು. ಆಗೀಗ ಅಗಲವಾದ ನೆರಳೊಂದು ಬಟ್ಟೆಯ ಮೇಲೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಹೆಂಡತಿ ಅತ್ತ ನೋಡುತ್ತಲೇ ಮಗುವಿಗೆ ಹಾಲೂಡಿಸುತ್ತಿದ್ದಳು. ಹಾಲು ಸಾಲುತ್ತಿರಲಿಲ್ಲ. ತೊಟ್ಟಿಗೆ ಆಹಾರ ಹಾಕುವ ಕೆಲಸ ನನಗೆ ಬಂದಿತ್ತು. ಮುಚ್ಚಳ ಎತ್ತಿ ಸಿಗಡಿ ಬಿಟ್ಟು, ಮಗು ಅತ್ತರೆ ಹಾಗೇ ಓಡುತ್ತಿದ್ದೆ.

ಕರಾವಳಿಯಲ್ಲಿ ಬಾಣಂತಿಗೆ ಹಾಲು ಬರಲೆಂದು ತಾಟೆ ಮೀನಿನ ಸಾರು ಕೊಡುತ್ತಾರೆ. ತಾಟೆ ಎಂದರೆ ಶಾರ್ಕೇ, ಎಳೆಯದು. ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಮನೆಯೆಲ್ಲ ಕಾಳುಮೆಣಸು, ಬೆಳ್ಳುಳ್ಳಿಯ ಘಾಟು. ಹೆಂಡತಿ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡಳು. ಆಮೇಲೆ ಹಾಲೂ ಬಂತು. ಸಾರಿನಿಂದಲೇ ಬಂತೆಂದು ನಾನು ಇಂದಿಗೂ ಒಪ್ಪುವುದಿಲ್ಲ.

ಅತ್ತೆ ಊರಿಗೆ ಹೋದ ಮೇಲೆ ಸೀರೆ ಬಿಚ್ಚಿದೆವು. ಶಾರ್ಕ್ ಇರಲಿಲ್ಲ. ಕಲ್ಲುಗಳನ್ನೆಲ್ಲ ಎತ್ತಿದೆ, ಫಿಲ್ಟರ್ ಬಿಚ್ಚಿದೆ, ಸೋಫಾ ಸರಿಸಿದೆ. ಈ ಜಾತಿ ಮುಚ್ಚಳದ ಸಂದಿನಿಂದ ಹಾರಿ ಬೀಳುವುದುಂಟು; ಹಾಗೆ ಬಿದ್ದಿದ್ದರೆ ಒಣಗಿದ ದೇಹವಾದರೂ ಸಿಗಬೇಕಿತ್ತು. ತೊರಕೆ ಅಡುಗೆಮನೆಯ ಕಡೆಯ ಗಾಜಿಗೆ ಒತ್ತಿಕೊಂಡು ಅಲ್ಲಾಡದೆ ನಿಂತಿತ್ತು. ಆಹಾರ ಬರುವುದು ಆ ಕಡೆಯಿಂದ, ಅದಕ್ಕೆ ಅಭ್ಯಾಸ ಎಂದೆ. ಫೋನಿನಲ್ಲಿ ಕೇಳಿದ್ದಕ್ಕೆ ಅತ್ತೆ, ತಾಟೆ ಮಾರ್ಕೆಟಿನದ್ದು, ಅಲ್ಲೇ ಸುಲಿಸಿ ತಂದದ್ದು ಎಂದರು. ದನಿಯಲ್ಲಿ ಬೇಸರವಿತ್ತು, ಅಷ್ಟೇ.

ಈ ವರ್ಷ ಹೆಂಡತಿ ಮತ್ತೆ ಬಸುರಾದಳು. ಅತ್ತೆ ಬರುತ್ತೇನೆಂದರು, ಇವಳು ಅವರಿಗೆ ಟಿಕೆಟ್ ಮಾಡಿಸದೆ ದಿನ ತಳ್ಳಿದಳು. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತ ಕೇಳಿದಳು:

"ಆ ಸಾರು ಮಾಡಿದ್ಮೇಲೆ ನೀನು ಅದನ್ನ ನೋಡಿದ್ಯಾ?"

"ನೋಡಿದೆ. ಮರುದಿನ ಸಿಗಡಿ ಹಾಕಿದಾಗ ತಿಂತು."

"ಪಕ್ಕಾ?"

"ಪಕ್ಕಾ."

"ನಾನು ತಿಂದಿದ್ದು ಅದೇ ಆಗಿದ್ರೆ ಅಮ್ಮನ ಕೈಯ ನೀರೂ ನಂಗೆ ಬೇಡ. ಅದಕ್ಕೇ ಕೇಳಿದ್ದು."

ಅಂದೇ ತಾಯಿಗೆ ಟಿಕೆಟ್ ಮಾಡಿಸಿದಳು.

ನಾನು ಸುಳ್ಳು ಹೇಳಿರಲಿಲ್ಲ. ನೆನಪು ಸ್ಪಷ್ಟವಾಗಿತ್ತು: ಮರಳಿಗೆ ತಾಗಿದ ಪಟ್ಟೆಪಟ್ಟೆ ಮೈ, ನನ್ನ ಕಡೆ ಹೊರಳಿದ ಕಣ್ಣು, ಸಿಗಡಿ ಎಳೆದುಕೊಂಡ ಬಾಯಿ. ಲೋಕಲ್ ರೈಲಿನಲ್ಲಿ ನಿಂತು ಅದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದಾಗ ಹೊಳೆಯಿತು. ನೆನಪಿನಲ್ಲಿ ನಾನು ಅದನ್ನು ಪಕ್ಕದಿಂದ ನೋಡುತ್ತಿದ್ದೇನೆ, ಗಾಜಿನ ಮೂಲಕ. ಆಗ ಗಾಜಿಗೆ ಸೀರೆ ಕಟ್ಟಿತ್ತು. ಮೇಲಿನಿಂದ ಬಗ್ಗಿದವನಿಗೆ ಬೆನ್ನು ಮಾತ್ರ ಕಾಣಬೇಕು. ಸೀರೆಯ ಅಂಚು ಸರಿಸಿ ನೋಡಿದ್ದೆನೇ? ಹಾಗೆಂದುಕೊಂಡ ಕೂಡಲೇ ನೆನಪಿನೊಳಗೆ ಅಂಚು ಸರಿಸುವ ನನ್ನ ಬೆರಳುಗಳೂ ಬಂದು ಸೇರಿಕೊಂಡವು. ಈಗ ಅವು ಅಲ್ಲಿಂದ ಹೋಗುತ್ತಿಲ್ಲ.

ಮಗ ಹುಟ್ಟಿದ. ಈ ಸಲ ತಾಟೆ ತರಲು ನಾನೇ ಹೋದೆ. ಬುಟ್ಟಿಯಲ್ಲಿದ್ದವು ನಮ್ಮ ತೊಟ್ಟಿಯಲ್ಲಿದ್ದ ಜಾತಿಯವೇ, ಅವೇ ಮಾಸಿದ ಪಟ್ಟೆಗಳು. ಸುಲಿದು ಕೊಡಲೇ ಎಂದು ಮಾರುವ ಹೆಂಗಸು ಮರಾಠಿಯಲ್ಲಿ ಕೇಳಿದಳು. ಬೇಡ, ಇಡಿಯಾಗಿಯೇ ಇರಲಿ ಎಂದೆ. ಇಂಥದ್ದು ಮಾರ್ಕೆಟಿನಲ್ಲೂ ಸಿಗುತ್ತದೆಂದು ಹೆಂಡತಿ ಕಣ್ಣಾರೆ ನೋಡಲಿ ಎಂಬುದು ನನ್ನ ಯೋಚನೆ.

ಅತ್ತೆ ಚೀಲ ತೆರೆದು ನೋಡಿದರು. "ಇದೆಂತ, ಸುಲಿಸ್ಲಿಲ್ವಾ? ಕೇಳಿದ್ರೆ ಅವ್ರೇ ಮಾಡಿ ಕೊಡ್ತಿದ್ರು ಮಾರಾಯ್ರೆ."

ಎಡಗೈಯ ಹೆಬ್ಬೆರಳನ್ನು ತಲೆಯ ಹಿಂದೆ ಒತ್ತಿ, ಬಲಗೈಯಿಂದ ಬಾಲದ ಬುಡ ಬಿಗಿಹಿಡಿದು, ಕೊಸರಿಕೊಳ್ಳಲು ಬಿಡದವರಂತೆ ಅದನ್ನು ಎತ್ತಿದರು. ಸತ್ತ ಮೀನನ್ನು ಹಾಗೆ ಹಿಡಿಯಬೇಕಾಗಿರಲಿಲ್ಲ. ಸಮುದ್ರದ ಪಕ್ಕ ಬೆಳೆದವರ ಕೈ ತಾನಾಗಿಯೇ ಹಾಗೆ ಹಿಡಿಯಬಹುದು ಎಂದುಕೊಂಡೆ. ತಿರುಗಿದರೆ ಬಾಗಿಲಲ್ಲಿ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಮೀನನ್ನಲ್ಲ, ತಾಯಿಯ ಕೈಗಳನ್ನು.

"ಅಮ್ಮ, ನಂಗೆ ಈ ಸಲ ಸಾರು ಬೇಡ," ಎಂದಳು.

ಅತ್ತೆ ಮೀನನ್ನು ಮೆಲ್ಲಗೆ ಚೀಲದೊಳಕ್ಕೆ ಇಳಿಸಿದರು. ಯಾಕೆಂದು ಕೇಳಲಿಲ್ಲ.