ಸುಟ್ಟಗಾಯದ ವಾರ್ಡಿನ ಹಿಂದಿನ ಬಯಲು

ನಾನು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನನ್ನು ಸುಟ್ಟಗಾಯದ ವಾರ್ಡಿಗೆ ಹಾಕಿದರು. ಅಲ್ಲಿಗೆ ಹೋಗೆಂದರೆ ಎಲ್ಲರೂ ಒಂದೊಂದು ನೆಪ ಹೇಳುತ್ತಿದ್ದರು. ನಾನು ಹೇಳಲಿಲ್ಲ. ನನ್ನ ಕೈ ಮೇಲೆ ನನಗೆ ಭರವಸೆ ಇತ್ತು. ಗಾಯಕ್ಕೆ ಅಂಟಿ ಒಣಗಿದ ಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ, ಹೊಸ ಚರ್ಮ ಕೀಳದಂತೆ ಬಿಡಿಸುವ ಕೆಲಸ ನನಗೆ ಚೆನ್ನಾಗಿ ಒಲಿದಿತ್ತು.

ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಮದುವೆಯಾಗಿ ವರ್ಷವೋ ಎರಡು ವರ್ಷವೋ ಆದ ಹೆಣ್ಣುಮಕ್ಕಳು. ಎಲ್ಲರ ಬಾಯಲ್ಲೂ ಒಂದೇ ಮಾತು, ಸ್ಟೋವ್ ಸಿಡೀತು. ಹಾಗೆ ಹೇಳುವಾಗ ಅವರ ಕಣ್ಣು ಬಾಗಿಲ ಬಳಿ ನಿಂತ ಗಂಡನ ಮನೆಯವರ ಕಡೆಗೆ ಹೋಗುತ್ತಿತ್ತು. ನಾವು ಕೇಳಿಸಿಕೊಂಡು ಪಟ್ಟಿ ಕಟ್ಟುತ್ತಿದ್ದೆವು. ಕೆಲವರು ಗುಣವಾಗಿ ಹೋದರು. ಬಹಳ ಮಂದಿ ಹೋಗಲಿಲ್ಲ.

ಎರಡನೇ ವರ್ಷದ ಹೊತ್ತಿಗೆ ನನಗೆ ಏನೋ ಆಗಿತ್ತು. ಕೇಶ್ವಾಪುರದ ಮನೆಗೆ ಬಂದವಳು ಚಪ್ಪಲಿ ಕಳಚದೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿತ್ತು, ಆದರೆ ಬೆಳಿಗ್ಗೆ ಏಳುವಾಗ ಮಲಗುವ ಮುಂಚಿನ ಆಯಾಸವೇ ಇರುತ್ತಿತ್ತು. ಊಟದ ರುಚಿ ಹೋಗಿತ್ತು. ನಮ್ಮ ಆಸ್ಪತ್ರೆಯ ಡಾಕ್ಟರೇ ರಕ್ತ ಪರೀಕ್ಷೆ ಮಾಡಿಸಿದರು. ‘ಎಲ್ಲಾ ನಾರ್ಮಲ್ ಐತಿ, ಸ್ವಲ್ಪ ರೆಸ್ಟ್ ತಗೋರಿ’ ಎಂದು ಶಕ್ತಿ ಗುಳಿಗೆ ಬರೆದುಕೊಟ್ಟರು. ಆಗ ಇದಕ್ಕೆ ನಮ್ಮಲ್ಲಿ ಬೇರೆ ಹೆಸರಿರಲಿಲ್ಲ. ಬ್ಯಾಸರ ಅನ್ನುತ್ತಿದ್ದೆವು, ಅಷ್ಟೇ.

ಒಂದು ದಿನ ಒಬ್ಬ ಚಿಕ್ಕ ಹುಡುಗಿಯ ತೊಡೆಯ ಪಟ್ಟಿ ಬಿಡಿಸುತ್ತಿದ್ದೆ. ಕುದಿಯುವ ನೀರು ಚೆಲ್ಲಿಕೊಂಡಿದ್ದ ಮಗು. ಅದರ ತಾಯಿ ನನ್ನ ಮೊಣಕೈ ಮುಟ್ಟಿದಳು.

‘ಸಿಸ್ಟರ್, ಒಂದೀಟು ನಿಲ್ಲಸ್ರಿ. ಕೂಸು ಆಗಿಂದ ಅಳಾಕತ್ತೈತಿ.’

ತಲೆ ಎತ್ತಿ ನೋಡಿದೆ. ಮಗುವಿನ ಮುಖವೆಲ್ಲ ಒದ್ದೆಯಾಗಿತ್ತು, ಗಂಟಲು ಕಟ್ಟಿಹೋಗಿತ್ತು. ನನಗೆ ಕೇಳಿಸಿಯೇ ಇರಲಿಲ್ಲ. ಕೈ ತನ್ನ ಕೆಲಸ ಸರಿಯಾಗಿ ಮಾಡಿತ್ತು, ಒಂದು ಹನಿ ರಕ್ತ ಬಂದಿರಲಿಲ್ಲ. ಆದರೆ ನಾನು ಅಲ್ಲಿ ಇರಲಿಲ್ಲ. ಅವತ್ತು ಮೊದಲ ಸಲ ನನಗೆ ಹೆದರಿಕೆಯಾಯಿತು. ಈ ಕೆಲಸ ಬಿಟ್ಟುಬಿಡಬೇಕೇನೋ ಅನ್ನಿಸಿತು.

ಅದೇ ತಿಂಗಳು ನಮ್ಮ ವಾರ್ಡಿಗೆ ಹೊಸ ನರ್ಸ್ ಬಂದಳು. ಧಾರವಾಡದ ಹುಡುಗಿ, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಅವಳ ತಂದೆ ಮಿಷನ್ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ಮನೆಯಲ್ಲಿ ಎಲ್ಲರೂ ಏನಾದರೊಂದು ಆಟ ಆಡಿ ಬೆಳೆದವರು. ಬೆಳಗಿನ ಪಾಳಿ ಮುಗಿದು ಡಬ್ಬಿ ಊಟ ಮಾಡುವಾಗ ಅವಳು ಕೆಲವು ದಿನ ನನ್ನನ್ನೇ ನೋಡುತ್ತಿದ್ದಳು. ಒಂದು ದಿನ ಚೀಲದಿಂದ ಚೆಂಡು ತೆಗೆದಳು.

‘ಅಕ್ಕಾ, ಇವತ್ತ ಲಗೂ ಮನಿಗಿ ಹೋಗಬ್ಯಾಡ್ರಿ. ಹಿಂದ ಬಯಲಾಗ ಬರ್ರಿ, ಥ್ರೋಬಾಲ್ ಆಡೂಣು.’

‘ಮುಂಜಾನಿಂದ ನಿಂತು ನಿಂತು ಕಾಲು ಬಾತಾವು. ಇನ್ನ ಆಟ ಬ್ಯಾರೆ ಏನವಾ?’

‘ಕಾಲು ದುಡದಾವ್ರಿ ಅಕ್ಕಾ, ಆಡಿಲ್ಲ.’

ಅವಳಿಗೆ ಇಲ್ಲ ಎನ್ನುವಷ್ಟು ಶಕ್ತಿಯೂ ನನಗಿರಲಿಲ್ಲ, ಹೋದೆ. ವಾರ್ಡಿನ ಹಿಂದೆ ಒಂದು ಬಯಲಿತ್ತು. ಮುರಿದ ಮಂಚಗಳನ್ನು ಒಂದು ಮೂಲೆಯಲ್ಲಿ ಒಟ್ಟಿದ್ದರು. ಮಧ್ಯಾಹ್ನ ಇಳಿದ ಮೇಲೆ ಕಟ್ಟಡದ ನೆರಳು ಅಲ್ಲಿಗೆ ಬೀಳುತ್ತಿತ್ತು. ಬೇವಿನ ಮರಕ್ಕೂ ನೀರಿನ ಟಾಕಿಯ ಕಂಬಕ್ಕೂ ಹಗ್ಗ ಕಟ್ಟಿ, ಅದರ ಮೇಲೆ ಹಳೇ ಸೀರೆ ಹಾಕಿದ್ದಳು. ಅದೇ ನೆಟ್. ಸೆರಗನ್ನು ಸೊಂಟಕ್ಕೆ ಸುತ್ತಿ, ನೆರಿಗೆ ಮೇಲೆ ಸಿಗಿಸಿ ನಿಂತೆ. ಮೊದಲ ಚೆಂಡು ಭುಜಕ್ಕೆ ಬಡಿಯಿತು, ಎರಡನೆಯದು ಕೈಯಿಂದ ಜಾರಿತು. ಮೂರನೆಯದನ್ನು ಹಿಡಿದೆ. ಹಿಡಿದು ತಿರುಗಿ ಎಸೆದಾಗ ಅದು ಸೀರೆ ದಾಟಿ ಟಾಕಿಯ ಆಚೆ ಹೋಗಿ ಬಿತ್ತು. ನಾವಿಬ್ಬರೂ ನಗುತ್ತ ಅದನ್ನು ಹುಡುಕಿದೆವು. ಸ್ವಲ್ಪ ಹೊತ್ತಿನಲ್ಲೇ ದಮ್ಮು ಹತ್ತಿ ಮರದ ಕೆಳಗೆ ಕೂತೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ವಾರ್ಡಿನಲ್ಲೂ ಬೆವರುತ್ತಿದ್ದೆ, ಆದರೆ ಆ ಬೆವರಿಗೆ ಗಾಳಿ ಬಡಿದು ಇಷ್ಟು ಹಿತವೆನಿಸಿರಲಿಲ್ಲ.

ಅವತ್ತು ಸಂಜೆ ಹಸಿವಾಯಿತು. ನಾನು ಇನ್ನೊಂದು ರೊಟ್ಟಿ ಹಾಕಿಕೊಂಡದ್ದನ್ನು ಗೋಕುಲ ರಸ್ತೆಯ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ನನ್ನ ಗಂಡ ನೋಡಿದರು.

‘ಏನ ವಿಶೇಷ ಇವತ್ತ?’

‘ಚೆಂಡ ಆಡಿ ಬಂದೇನ್ರಿ.’

ಅವರು ನಕ್ಕರು. ಮರುವಾರ ನನ್ನ ಹಳೇ ಚಪ್ಪಲಿಯನ್ನು ಅಳತೆಗೆ ಒಯ್ದು ಬಿಳಿ ಕ್ಯಾನ್ವಾಸ್ ಶೂ ತಂದುಕೊಟ್ಟರು. ಸೀರೆ ಕೆಳಗೆ ಶೂ ಹಾಕಿಕೊಂಡು ಸಿಟಿ ಬಸ್ ಹತ್ತುತ್ತಿದ್ದ ನನ್ನನ್ನು ಓಣಿಯವರು ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟೆ.

ನಿಧಾನಕ್ಕೆ ಜನ ಸೇರಿದರು. ಬೇರೆ ವಾರ್ಡಿನ ನರ್ಸ್‌ಗಳು, ಲ್ಯಾಬಿನ ಒಬ್ಬಾಕೆ, ಇಬ್ಬರು ಆಯಾಗಳು. ಮಳೆಗಾಲದಲ್ಲಿ ಎರೆಮಣ್ಣು ಶೂಗೆ ಮೆತ್ತಿ ಕಾಲು ಎತ್ತಲು ಬರುತ್ತಿರಲಿಲ್ಲ, ಆಗ ಆಟ ಬಂದ್. ಬಿಸಿಲು ಬಿದ್ದು ನೆಲ ಗಟ್ಟಿಯಾದರೆ ಮತ್ತೆ ಶುರು.

ಒಂದು ದಿನ ನಮ್ಮ ಮೇಟ್ರನ್ ನನ್ನನ್ನು ಕರೆಸಿದರು. ನಿವೃತ್ತಿಗೆ ಹತ್ತಿರ ಬಂದಿದ್ದ, ಮಾತಿನಲ್ಲಿ ಬಿಗಿಯಾದ ಹೆಂಗಸು.

‘ರೋಗಿಗಳ ಮಂದಿ ನೋಡಾಕತ್ತಾರ. ಸಿಸ್ಟರ್‌ಗಳು ಸೀರಿ ಎತ್ತಿ ಕಟ್ಟಿ ಜಿಗದಾಡೂದು ಛಂದ ಕಾಣ್ತದೇನು?’

‘ಡ್ಯೂಟಿ ಮುಗದ ಮ್ಯಾಲೆ ಆಡತೇವ್ರಿ ಮೇಡಂ.’

‘ದಿನಾ ವಾರ್ಡಿನ್ಯಾಗ ಓಡೇ ಓಡತೀರಿ. ಮತ್ತ ಯಾಕ ಓಡಬೇಕು?’

ಉತ್ತರ ನನಗೆ ಥಟ್ಟನೆ ಸಿಕ್ಕಿತು. ‘ವಾರ್ಡಿನ್ಯಾಗ ಯಾರಾದ್ರೂ ಒದರಿದ್ರ ಓಡತೇವ್ರಿ. ಬಯಲಾಗ ನಮಗ ಬೇಕಂತ ಓಡತೇವಿ.’

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ‘ಕಿಟಕಿ ಕಡೆ ಬ್ಯಾಡ. ಬೇವಿನ ಗಿಡದ ಆಚೆ ಆಡ್ರಿ’ ಅಂದರು. ನಾವು ಹಗ್ಗವನ್ನು ಆಚೆ ಕಟ್ಟಿದೆವು.

ನನ್ನ ಬೆಳಗುಗಳು ಹಗುರಾದವು. ಕೆಲಸ ಬಿಡುವ ಯೋಚನೆ ಹಿಂದೆ ಸರಿಯಿತು. ಆದರೆ ಚೆಂಡಿನಿಂದ ಎಲ್ಲವೂ ಸರಿಯಾಯಿತು ಎಂದರೆ ಅದು ಖರೆ ಅಲ್ಲ. ಮುಂದಿನ ಬೇಸಿಗೆಯಲ್ಲಿ ವಾರ್ಡು ತುಂಬಿತ್ತು, ಇಬ್ಬರು ನರ್ಸ್‌ಗಳು ದೀರ್ಘ ರಜೆ ಹಾಕಿದ್ದರು. ಒಂದು ಮಧ್ಯಾಹ್ನ ಆಟದ ನಡುವೆ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ನರ್ಸ್ ಚೆಂಡು ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಅವತ್ತು ಬೆಳಿಗ್ಗೆ ನಮ್ಮ ವಾರ್ಡಿನಲ್ಲಿ ಅವಳು ನೋಡಿಕೊಳ್ಳುತ್ತಿದ್ದ, ಮೈ ಸುಟ್ಟುಕೊಂಡಿದ್ದ ಬಾಣಂತಿ ಸತ್ತಿದ್ದಳು. ಅಳಲು ಶುರು ಮಾಡಿದ ಆ ನರ್ಸ್ ಬಹಳ ಹೊತ್ತು ನಿಲ್ಲಿಸಲಿಲ್ಲ. ನಾವೆಲ್ಲ ಅವಳ ಸುತ್ತ ಕೂತೆವು. ಧಾರವಾಡದ ಹುಡುಗಿ ಅವಳ ಕೈಯಿಂದ ಚೆಂಡು ತೆಗೆದಿಟ್ಟು ನನಗೆ ಹೇಳಿದಳು:

‘ಆಡಿದ್ರ ಇದು ಹೋಗಂಗಿಲ್ರಿ ಅಕ್ಕಾ. ಮ್ಯಾಲಿನವರನ್ನ ಏನರ ಕೇಳಬೇಕು ನಾವು.’

ಅವತ್ತು ಆ ನೆರಳಿನಲ್ಲಿ ಕೂತು, ವಾರ್ಡಿನಲ್ಲಿ ಎಂದೂ ಆಡದ ಮಾತುಗಳನ್ನು ಆಡಿದೆವು. ಒಬ್ಬಾಕೆ ಮನೆಯಲ್ಲಿ ತಾನು ಸ್ಟೋವ್ ಹಚ್ಚುವುದನ್ನೇ ಬಿಟ್ಟು ಗಂಡನ ಕೈಯಲ್ಲಿ ಹಚ್ಚಿಸುತ್ತಿದ್ದಳಂತೆ. ಇನ್ನೊಬ್ಬಾಕೆ ತನ್ನ ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದಳಂತೆ. ನಾನೂ ಆ ಕೂಸಿನ ಅಳು ಕೇಳಿಸದೇ ಹೋದದ್ದನ್ನು ಹೇಳಿದೆ. ಯಾರೂ ಆಶ್ಚರ್ಯಪಡಲಿಲ್ಲ. ಏಳುವ ಹೊತ್ತಿಗೆ ನಮಗೆ ಏನು ಬೇಕೆಂದು ಗೊತ್ತಾಗಿತ್ತು. ಸುಟ್ಟಗಾಯದ ವಾರ್ಡಿನಲ್ಲಿ ಯಾರನ್ನೂ ವರ್ಷಗಟ್ಟಲೆ ಇಡಬಾರದು, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಪಟ್ಟಿ ಬದಲಿಸುವಾಗ ಒಬ್ಬರೇ ಇರಬಾರದು, ಇಬ್ಬರು ಬೇಕು.

ಮೊದಲು ಮೇಟ್ರನ್ ಬಳಿ ಹೋದೆವು. ಬೈಗುಳ ಕಾದಿದೆ ಎಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, ‘ನಾ ಆ ವಾರ್ಡಿನ್ಯಾಗ ನಾಕ ವರ್ಷ ತಗದೇನಿ. ಆಗ ಕೇಳೂದು ನನಗ ಹೊಳೀಲಿಲ್ಲ’ ಎಂದು ಎದ್ದು ನಿಂತರು. ನಮ್ಮ ಜೊತೆಗೇ ಸೂಪರಿಂಟೆಂಡೆಂಟರ ಕೋಣೆಗೆ ಬಂದರು.

‘ಮಂದಿ ಎಲ್ಲಿಂದ ತರ್ಲಿ ನಾನು?’ ಎಂದರು ಸೂಪರಿಂಟೆಂಡೆಂಟ್.

‘ಹೊಸಬರನ್ನ ಕೇಳಾಕತ್ತಿಲ್ರಿ ಸರ್. ಇದ್ದವರನ್ನ ತಿರುಗಸ್ರಿ’ ಎಂದೆ.

‘ಉಳಿದ ವಾರ್ಡಿನವರು ಒಪ್ಪಬೇಕಲ್ಲ?’

‘ಅವರನ್ನ ನಾ ಒಪ್ಪಸ್ತೇನ್ರಿ’ ಎಂದರು ಮೇಟ್ರನ್. ಅವರ ದನಿ ಕೇಳಿದರೆ ಒಪ್ಪದವರು ಯಾರೂ ಇರಲಾರರು ಅನ್ನಿಸಿತು.

ವಾರ್ಡ್ ಬದಲಿಸುವ ಪದ್ಧತಿ ಜಾರಿಗೆ ಬಂತು. ಎರಡನೇ ನರ್ಸ್ ಮಾತ್ರ ಬರಲೇ ಇಲ್ಲ, ಅದರ ಬದಲು ಒಬ್ಬ ಆಯಾ ಸಿಕ್ಕಳು. ಅದೂ ದೊಡ್ಡದೇ. ಮಗುವಿನ ಕೈ ಹಿಡಿದು ಮಾತಾಡಿಸಲು ಒಬ್ಬರು ಇದ್ದರೆ ಪಟ್ಟಿ ಬಿಡಿಸುವವಳು ಅವಸರ ಮಾಡಬೇಕಿಲ್ಲ. ನಾನು ಕೆಲವು ತಿಂಗಳು ಹೆರಿಗೆ ವಾರ್ಡಿಗೆ ಹೋದೆ. ಆಮೇಲೆ ನಾನಾಗಿಯೇ ಕೇಳಿಕೊಂಡು ಸುಟ್ಟಗಾಯದ ವಾರ್ಡಿಗೆ ವಾಪಸ್ ಬಂದೆ. ಆ ಕೆಲಸ ನನ್ನದು ಎಂದು ನನಗೆ ಗೊತ್ತಿತ್ತು.

ಎರಡು ಸಾವಿರದ ನಂತರ ಆ ಬಯಲಿನಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದರು. ಧಾರವಾಡದ ಹುಡುಗಿ ತನ್ನ ಊರಿನ ಆಸ್ಪತ್ರೆಗೇ ಹೋದಳು. ಈಗ ಅವಳಿಗೂ ಮಕ್ಕಳು. ಉಣಕಲ್ ನಮ್ಮಿಬ್ಬರ ಊರಿನ ನಡುವಿನ ದಾರಿಯಲ್ಲೇ ಇರುವುದರಿಂದ ಭಾನುವಾರ ಬೆಳಿಗ್ಗೆ ಅಲ್ಲಿ ಸೇರಿ ಕೆರೆಯ ದಂಡೆ ಮೇಲೆ ನಡೆಯುವ ರೂಢಿ ಮಾಡಿಕೊಂಡೆವು. ಅವಳು ಈಗಲೂ ನನಗಿಂತ ಜೋರಾಗಿ ನಡೆಯುತ್ತಾಳೆ. ನಾನು ‘ಸಾವಕಾಶ ನಡಿಯವಾ’ ಅನ್ನುವುದಿಲ್ಲ, ನನ್ನ ಹೆಜ್ಜೆಯನ್ನೇ ಜೋರು ಮಾಡುತ್ತೇನೆ.

ಇತ್ತೀಚೆಗೆ ಹೊಸ ನರ್ಸ್‌ಗಳಿಗೆ ಡ್ರೆಸ್ಸಿಂಗ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ದಿನ ಅವರಿಗೆ, ಶಾಲೆಯಲ್ಲಿ ಯಾವ ಆಟ ಆಡುತ್ತಿದ್ದಿರಿ ಎಂದು ಕೇಳುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಖೋಖೋ ಅನ್ನುತ್ತಾಳೆ ಒಬ್ಬಳು, ಶಟಲ್ ಅನ್ನುತ್ತಾಳೆ ಇನ್ನೊಬ್ಬಳು. ‘ಬಿಡಬ್ಯಾಡ್ರಿ ಅದನ್ನ’ ಎಂದು ಹೇಳಿ ಸಲೈನ್ ಬಾಟಲಿ ಕೈಗೆ ತೆಗೆದುಕೊಳ್ಳುತ್ತೇನೆ.